ಆರು ತಿಂಗಳ ಸೆಕ್ರೆಟರಿ ತರಬೇತಿ: ಟೈಪಿಂಗ್ ವೇಗ ಇದೆ, ಪತ್ರ ಮಾತ್ರ ಕಳಿಸುವ ಹಾಗಿರಲ್ಲ

ಹೊಸಹಾಳೆ (ಪ್ರಶ್ನೆ)

ಆರು ತಿಂಗಳ ಸೆಕ್ರೆಟರಿ ಕೋರ್ಸೊಂದರ ಪಠ್ಯಕ್ರಮ ತಿದ್ದಬೇಕಿದೆ. ವಾರಕ್ಕೆ ಐದು ದಿನ, ದಿನಕ್ಕೆ 3 ಗಂಟೆ, 26 ವಾರ. ಒಟ್ಟು 390 ಗಂಟೆ. ಈಗಿನ ಹಂಚಿಕೆ ಹೀಗಿದೆ: ಬೆರಳಚ್ಚು 160, ಶೀಘ್ರಲಿಪಿ 120, ಕಂಪ್ಯೂಟರ್ 60, ಪತ್ರವ್ಯವಹಾರ 30, ಕಡತ-ಟಪಾಲು ವಗೈರೆ 20. ಕೊನೆಯಲ್ಲಿ ಬೆರಳಚ್ಚು ಮತ್ತು ಶೀಘ್ರಲಿಪಿಯ ವೇಗ ಪರೀಕ್ಷೆ, ಜೊತೆಗೆ ಒಂದು ಬರವಣಿಗೆ ಪತ್ರಿಕೆ.

ಕೆಲಸ ಕೊಟ್ಟವರಿಂದ ಬರುವ ದೂರು ಸುಮಾರಾಗಿ ಒಂದೇ: ವೇಗವಾಗಿ ಟೈಪ್ ಮಾಡುತ್ತಾರೆ, ಆದರೆ ನಾಲ್ಕು ಸಾಲಿನ ಸೂಚನೆ ಕೊಟ್ಟರೆ ಪತ್ರ ತಯಾರಾಗುವುದಿಲ್ಲ. ಸಭೆಗೆ ಕೂರಿಸಿದರೆ ನಡಾವಳಿ ಬರೆಯಲು ಬರುವುದಿಲ್ಲ.

ಕೇಳಬೇಕಿರುವುದು ಮೂರು ವಿಷಯ. ಬೆರಳಚ್ಚಿಗೆ ಇಷ್ಟು ಗಂಟೆ ಬೇಕೇ? ಶೀಘ್ರಲಿಪಿ ಇಟ್ಟುಕೊಳ್ಳುವುದೋ ಬಿಡುವುದೋ? ವೇಗ ಬಿಟ್ಟು ಬೇರೆ ಏನನ್ನು ಅಳೆದರೆ ಕೋರ್ಸಿನ ಗುಣಮಟ್ಟ ಗೊತ್ತಾಗುತ್ತದೆ? ಪಾಠ ಮಾಡಿದವರು, ಇಂಥ ಸಿಬ್ಬಂದಿಯಿಂದ ಕೆಲಸ ತೆಗೆದವರು ಬಿಡಿಸಿ ಹೇಳಿದರೆ ಉಪಕಾರ.

---

ಹತ್ತುಬೆರಳು

ಮೊದಲು ಬೆರಳಚ್ಚಿನದು. 160 ಗಂಟೆ ಹೆಚ್ಚಾಯಿತು. ಅದಕ್ಕಿಂತ ಕೆಟ್ಟದ್ದು ಅದನ್ನು ಒಂದೇ ಸಮನೆ ಕೂರಿಸಿ ಕಲಿಸುವುದು. 1978ರಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬಿಬ್ಬರು ಬ್ರಿಟನ್ನಿನ ಅಂಚೆ ನೌಕರರ ಮೇಲೆ ನಡೆಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ದಿನಕ್ಕೆ ಒಂದೇ ಗಂಟೆ ಕಲಿತ ಗುಂಪಿಗೆ ಕೀಲಿಮಣೆ ಕೈವಶವಾಗಲು ಸುಮಾರು 35 ಗಂಟೆ ಸಾಕಾಯಿತು. ದಿನಕ್ಕೆರಡು ಸಲ ಎರಡೆರಡು ಗಂಟೆ ಕೂತ ಗುಂಪಿಗೆ ಸುಮಾರು 50 ಗಂಟೆ ಹಿಡಿಯಿತು. ತಮಾಷೆಯೆಂದರೆ, ಕಡಿಮೆ ಗಂಟೆಯಲ್ಲಿ ಚೆನ್ನಾಗಿ ಕಲಿತ ಆ ಗುಂಪಿಗೇ ತರಬೇತಿಯ ಬಗ್ಗೆ ಸಮಾಧಾನ ಕಡಿಮೆ ಇತ್ತು, ದಿನಗಳ ಲೆಕ್ಕದಲ್ಲಿ ಎಳೆದಾಡಿದಂತೆ ಅನ್ನಿಸಿತ್ತಲ್ಲ, ಅದಕ್ಕೆ. ಗುಣಮಟ್ಟ ತಿಳಿಯಲು ವಿದ್ಯಾರ್ಥಿಗಳ ಅಭಿಪ್ರಾಯ ಪತ್ರವನ್ನಷ್ಟೇ ನಂಬುವವರು ಇದನ್ನು ನೆನಪಿಡಬೇಕು.

ಹಾಗಾಗಿ ದಿನಕ್ಕೆ 40ರಿಂದ 45 ನಿಮಿಷ, ಆದರೆ ಆರು ತಿಂಗಳೂ ತಪ್ಪದೆ. ಸುಮಾರು 95 ಗಂಟೆಯಲ್ಲಿ ಮುಗಿಯುತ್ತದೆ.

ಮೊದಲ 12-15 ಗಂಟೆ ಗಡಿಯಾರವನ್ನು ಕೋಣೆಯಿಂದ ಹೊರಗಿಡಿ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಉಬ್ಬುಗೆರೆಯನ್ನು ತೋರುಬೆರಳು ತಾನೇ ಹುಡುಕಿಕೊಳ್ಳಬೇಕು, ಕಣ್ಣು ಕೆಳಗೆ ಹೋಗಬಾರದು. ಕೈಗಳ ಮೇಲೆ ಬಟ್ಟೆಯೋ ರಟ್ಟೋ ಮುಚ್ಚುವುದು ಹಳೇ ಉಪಾಯ, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ. ಕೆಡುವ ಜಾಗಗಳು ಎಲ್ಲರಲ್ಲೂ ಅವೇ:

ಉಂಗುರಬೆರಳು, ಕಿರುಬೆರಳಿನ ಕೆಲಸವನ್ನು ನಡುಬೆರಳು ಕದಿಯುವುದು. ಶಿಫ್ಟ್ ಮತ್ತು ಅಕ್ಷರ ಎರಡನ್ನೂ ಒಂದೇ ಕೈಯಲ್ಲಿ ಒತ್ತುವುದು (ಅಕ್ಷರ ಎಡಗೈಯದಾದರೆ ಶಿಫ್ಟ್ ಬಲಗೈಯದು, ಇದು ಕಡ್ಡಾಯ). ಮಣಿಕಟ್ಟನ್ನು ಮೇಜಿಗೆ ಊರುವುದು. ಅಂಕಿಗಳನ್ನು ಅಭ್ಯಾಸದಿಂದಲೇ ಬಿಟ್ಟುಬಿಡುವುದು. ಕಚೇರಿಯಲ್ಲಿ ಅಂಕಿಯಿಲ್ಲದ ಪುಟವೇ ಅಪರೂಪ, ಆದ್ದರಿಂದ ಬಲಬದಿಯ ಅಂಕಿ ಗುಂಪಿನಲ್ಲಿ 5ರ ಉಬ್ಬಿನ ಮೇಲೆ ನಡುಬೆರಳಿಟ್ಟು ನೋಡದೆ ಒತ್ತುವುದನ್ನೂ ಕಲಿಸಿ.

ಅಳತೆಯ ಲೆಕ್ಕ: ಐದು ಒತ್ತು (ಕೀಲಿಯನ್ನು ಒಂದು ಸಲ ಒತ್ತಿದರೆ ಒಂದು ಒತ್ತು) ಒಂದು ಪದ, ಖಾಲಿಜಾಗವೂ ಸೇರಿ. 5 ನಿಮಿಷದಲ್ಲಿ 1,250 ಒತ್ತು ಬಂದರೆ ಒಟ್ಟು ವೇಗ ನಿಮಿಷಕ್ಕೆ 50. ತಿದ್ದದೆ ಉಳಿದ ತಪ್ಪು 10 ಇದ್ದರೆ ನಿಮಿಷಕ್ಕೆ 2 ಕಳೆದು ನಿವ್ವಳ 48. ಕೇಳಲು ಚೆನ್ನಾಗಿಯೇ ಇದೆ. ಆದರೆ ಈ ಸೂತ್ರ ತಪ್ಪಿಗೆ ಬಹಳ ಉದಾರಿ. 98% ನಿಖರತೆ ಎಂದರೆ 1,800 ಅಕ್ಷರದ ಪುಟದಲ್ಲಿ 36 ತಪ್ಪು! ಅಂಥ ಪುಟವನ್ನು ಯಾರೂ ಕಳಿಸುವುದಿಲ್ಲ. ತಿದ್ದಿಯಾದ ಮೇಲಿನ ನಿಖರತೆ 99.5%ಕ್ಕಿಂತ ಕೆಳಗಿದ್ದರೆ ವೇಗವನ್ನು ಎಣಿಸಲೇಬಾರದು. ಅದಕ್ಕೂ ಪುಟಕ್ಕೆ 9 ತಪ್ಪು ಉಳಿಯುತ್ತದೆ ನೋಡಿ.

ಇನ್ನೊಂದು ವಿಷಯ, ಬಹುಶಃ ನಿಮ್ಮ ದೂರಿನ ಬೇರು ಇಲ್ಲೇ ಇದೆ. ವೇಗ ಪರೀಕ್ಷೆಯಲ್ಲಿ ಅಚ್ಚುಕಟ್ಟಾದ ಮುದ್ರಿತ ಪುಟ ಕೊಟ್ಟು ನೋಡಿ ಹೊಡೆಯಲು ಹೇಳುತ್ತೇವೆ. ಅಚ್ಚುಕಟ್ಟಾದ ಪುಟ ಕೈಯಲ್ಲಿದ್ದರೆ ಕಚೇರಿಯವರು ಸ್ಕ್ಯಾನ್ ಮಾಡುತ್ತಾರೆ, ಟೈಪಿಗೆ ಕೊಡುವುದಿಲ್ಲ. ಕೆಲಸದಲ್ಲಿ ಬರುವುದು ಗೀಚಿದ ಕರಡು: ಬಾಣದ ಗುರುತು, ಅಂಚಿನಲ್ಲಿ ಸೇರಿಸಿದ ಸಾಲು, ಹೊಡೆದುಹಾಕಿ ಮತ್ತೆ ಉಳಿಸಿದ ಪದ. ಎಂಟನೇ ವಾರದಿಂದ ಅಭ್ಯಾಸವೆಲ್ಲ ಇಂಥ ಕರಡಿನಿಂದಲೇ ನಡೆಯಲಿ. ವೇಗ ಮೂರನೇ ಒಂದು ಭಾಗ ಕುಸಿದರೂ ಹೆದರಬೇಡಿ, ಅದೇ ಅವರ ನಿಜವಾದ ವೇಗ.

---

ಗೀರುಗೆರೆ

ಶೀಘ್ರಲಿಪಿಯ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಬೈಯಬಹುದು.

ಪಿಟ್‌ಮನ್ ಪದ್ಧತಿ 1837ರದ್ದು, ಗ್ರೆಗ್ 1888ರದ್ದು, ಟೀಲೈನ್ 1968ರದ್ದು. ಪಿಟ್‌ಮನ್‌ನಲ್ಲಿ ಗೆರೆ ತೆಳ್ಳಗಿದ್ದರೆ ಪ, ದಪ್ಪಗಿದ್ದರೆ ಬ. ಗೆರೆ ಸಾಲಿನ ಮೇಲಿದೆಯೋ, ಸಾಲನ್ನು ಮುಟ್ಟಿದೆಯೋ, ಸಾಲನ್ನು ಸೀಳಿದೆಯೋ ಎನ್ನುವುದರ ಮೇಲೆ ಸ್ವರ ತಿಳಿಯುತ್ತದೆ. ಹಾಗಾಗಿ ಅದಕ್ಕೆ ಒತ್ತಿದರೆ ದಪ್ಪವಾಗುವ ಮೊನೆ ಬೇಕು, ಮೆದು ಪೆನ್ಸಿಲ್ಲೋ ಶಾಯಿ ಪೆನ್ನೋ. ಬಾಲ್ ಪೆನ್ನಿನಲ್ಲಿ ಬರೆಸಿ, ನಂತರ ಓದಲಾಗುತ್ತಿಲ್ಲ ಎಂದು ವಿದ್ಯಾರ್ಥಿಯನ್ನು ದೂರಿ ಪ್ರಯೋಜನವಿಲ್ಲ. ಗ್ರೆಗ್‌ನಲ್ಲಿ ದಪ್ಪ-ತೆಳುವಿನ ರಗಳೆ ಇಲ್ಲ, ಗೆರೆಯ ಉದ್ದವೇ ವ್ಯತ್ಯಾಸ. ಟೀಲೈನ್ ಮಾಮೂಲಿ ಇಂಗ್ಲಿಷ್ ಅಕ್ಷರಗಳನ್ನೇ ಕತ್ತರಿಸಿ ಮಾಡಿದ್ದು, ಬೇಗ ಕಲಿಯಬಹುದು.

120 ಗಂಟೆ ಎನ್ನುವುದು ಅತ್ತ ದರಿ ಇತ್ತ ಪುಲಿ ಎಂಬಂಥ ಸಂಖ್ಯೆ. ಜನ ಸಹಜವಾಗಿ ಮಾತಾಡುವುದು ಇಂಗ್ಲಿಷಿನಲ್ಲಿ ನಿಮಿಷಕ್ಕೆ 120-150 ಪದ. ನಿಮ್ಮ 120 ಗಂಟೆಯಲ್ಲಿ ಪಿಟ್‌ಮನ್ ಕಲಿತವರು ಆ ಮಟ್ಟ ಮುಟ್ಟುವುದು ಕಷ್ಟ. 60-70ಕ್ಕೆ ನಿಂತುಬಿಟ್ಟರೆ ಅದು ಪದಶಃ ಬರೆದುಕೊಳ್ಳಲೂ ಸಾಲದು, ಮರೆಯಲೂ ಬೇಗ. ನ್ಯಾಯಾಲಯ, ಶಾಸನಸಭೆಯ ವರದಿಗಾರಿಕೆಗೆ ಹೋಗುವವರಿಗೆ ಅದನ್ನು ಪ್ರತ್ಯೇಕ ಕೋರ್ಸಾಗಿ ಪೂರ್ತಿ ಕಲಿಸಿ. ಮಿಕ್ಕವರಿಗೆ ಬೇಡ.

ಆದರೆ ಶೀಘ್ರಲಿಪಿ ಬಿಡುತ್ತೇವೆಂದು ಅದರ ಜೊತೆಗಿದ್ದ ಶಿಸ್ತನ್ನೂ ಬಿಟ್ಟುಬಿಡಬೇಡಿ. ನೋಟ್‌ಬುಕ್ಕಿನ ಎಡಕ್ಕೆ ಎರಡು ಬೆರಳಗಲ ಅಂಚು ಬಿಡುವುದು, ತಿದ್ದುಪಡಿ ಬಂದರೆ ಅಲ್ಲೇ ಗುರುತು. ಪ್ರತಿದಿನದ ಬರಹಕ್ಕೆ ತಾರೀಖು. ಶುದ್ಧಪ್ರತಿ ಮಾಡಿಯಾದ ಭಾಗಕ್ಕೆ ಮೇಲಿಂದ ಕೆಳಗೆ ಒಂದು ಗೀಟು, ಮಾಡದ್ದು ಎದ್ದು ಕಾಣಲಿ ಅಂತ. ಮುಗಿದ ಪುಟಗಳಿಗೆ ರಬ್ಬರ್ ಬ್ಯಾಂಡ್, ಹೊಸ ಪುಟ ತಾನೇ ತೆರೆದುಕೊಳ್ಳಲಿ ಅಂತ. ಬರೆದುಕೊಂಡದ್ದನ್ನು ಅದೇ ದಿನ ಬಿಡಿಸಿ ಬರೆಯುವುದು. ಹೆಸರು, ಮೊತ್ತ, ತಾರೀಖು ಈ ಮೂರನ್ನು ಹೇಳಿದವರು ಎದುರಿಗಿರುವಾಗಲೇ ತಿರುಗಿ ಓದಿ ಹೇಳುವುದು. ಇವನ್ನು ಹತ್ತು ಗಂಟೆಯಲ್ಲಿ ಕಲಿಸಬಹುದು.

"ಈಗ ಮಾತನ್ನು ಯಂತ್ರವೇ ಬರಹ ಮಾಡುತ್ತದಲ್ಲ" ಎನ್ನುವವರಿಗೆ: ಮಾಡುತ್ತದೆ, ಸರಿ. ತಪ್ಪುವುದೂ ಸರಿಯಾಗಿ ತಪ್ಪಬಾರದ ಕಡೆಯೇ. ಹೆಸರುಗಳಲ್ಲಿ, ಫಿಫ್ಟೀನ್-ಫಿಫ್ಟಿ ಥರದ ಅಂಕಿಗಳಲ್ಲಿ, "ಮಾಡಲಾಗುವುದು" ಮತ್ತು "ಮಾಡಲಾಗದು" ನಡುವೆ. ಕಾಗುಣಿತ ಸರಿಯಾಗಿಯೇ ಇರುವುದರಿಂದ ಕಣ್ಣಿಗೆ ಸಿಗುವುದಿಲ್ಲ. ಧ್ವನಿ ಕೇಳುತ್ತಾ ಯಂತ್ರದ ಪ್ರತಿಯನ್ನು ತಿದ್ದುವ ಅಭ್ಯಾಸ ಬೇಕೇ ಬೇಕು.

---

ನಡಾವಳಿ_ನಂಜುಂಡ

ಗೀರುಗೆರೆಯವರ ಮಾತಿಗೆ ಅರ್ಧ ಸಹಮತ. ಶೀಘ್ರಲಿಪಿ ಕಲಿತವರ ಕಿವಿ ಬೇರೆಯೇ ಆಗಿರುತ್ತದೆ, ಒಂದು ವಾಕ್ಯ ಹಿಂದೆ ಉಳಿದು ಕೇಳಿಸಿಕೊಳ್ಳುವ ಅಭ್ಯಾಸ ಅದರಿಂದ ಬರುತ್ತದೆ. ಇರಲಿ, 120 ಗಂಟೆಯಲ್ಲಿ ಎರಡೂ ಆಗದು ಎನ್ನುವುದು ನಿಜ.

ಉಳಿದ ಗಂಟೆಗಳನ್ನು ನಡಾವಳಿಗೆ ಕೊಡಿ. ಎಲ್ಲ ಕೋರ್ಸುಗಳಲ್ಲೂ ಇದನ್ನು ಒಂದು ಮಾದರಿ ತೋರಿಸಿ ಮುಗಿಸುತ್ತಾರೆ. ಆದರೆ ಹೊಸಬರು ಮೊದಲು ಎಡವುವುದೇ ಇಲ್ಲಿ.

ಹೆನ್ರಿ ರಾಬರ್ಟ್ 1876ರಲ್ಲಿ ಬರೆದ ಸಭಾ ನಿಯಮಗಳಲ್ಲಿ ಒಂದು ಮಾತಿದೆ: ನಡಾವಳಿಯಲ್ಲಿ ದಾಖಲಾಗಬೇಕಾದ್ದು ಸಭೆಯಲ್ಲಿ ಆದದ್ದು, ಆಡಿದ್ದಲ್ಲ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಸಭೆಗೆ ಕೂತರೆ ಯಾರು ಏನಂದರು ಎಂಬುದನ್ನೆಲ್ಲ ಬರೆದು, ತೀರ್ಮಾನ ಬಂದಾಗ ಪೆನ್ನು ಹಿಂದೆ ಬಿದ್ದಿರುತ್ತದೆ.

ಕಲಿಸುವ ಕ್ರಮ ಹೀಗಿರಲಿ. ಸಭೆಗೆ ಮುಂಚೆಯೇ ಕಾರ್ಯಸೂಚಿಯಿಂದ ನಡಾವಳಿಯ ಅಸ್ಥಿಪಂಜರ ತಯಾರಾಗಬೇಕು: ದಿನಾಂಕ, ಸ್ಥಳ, ಅಧ್ಯಕ್ಷತೆ, ಹಾಜರಿ, ಗೈರುಹಾಜರಿ, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ), ಹಿಂದಿನ ನಡಾವಳಿಯ ಅಂಗೀಕಾರ, ನಂತರ ವಿಷಯವಾರು ಖಾಲಿ ಪೆಟ್ಟಿಗೆ. ಒಂದೊಂದು ಪೆಟ್ಟಿಗೆಯಲ್ಲಿ ನಾಲ್ಕೇ ಸಾಲು. ವಿಷಯ ಏನು, ತೀರ್ಮಾನ ಏನು, ಮಾಡುವವರು ಯಾರು, ಯಾವ ತಾರೀಖಿನೊಳಗೆ. ಗೊತ್ತುವಳಿಯಿದ್ದರೆ ಅದರ ಪದಗಳನ್ನು ಮತಕ್ಕೆ ಹಾಕುವ ಮೊದಲೇ ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆಯಬೇಕು. ಸೂಚಿಸಿದವರ ಹೆಸರೂ ಆಗಲೇ. ಕರಡು 24ರಿಂದ 48 ಗಂಟೆಯೊಳಗೆ ಅಧ್ಯಕ್ಷರ ಕೈಗೆ. ಅಂಗೀಕಾರವಾದ ನಡಾವಳಿಯಲ್ಲಿ ತಪ್ಪು ಸಿಕ್ಕರೆ ಪುಟ ಬದಲಿಸುವಂತಿಲ್ಲ, ಮುಂದಿನ ಸಭೆಯಲ್ಲಿ ತಿದ್ದುಪಡಿಯಾಗಿ ದಾಖಲಿಸಬೇಕು.

ನಿಷೇಧಿಸಬೇಕಾದ ಪದಗಳ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿ: "ವಿವರವಾಗಿ ಚರ್ಚಿಸಲಾಯಿತು" (ಆಮೇಲೆ?), "ಸಂಬಂಧಪಟ್ಟವರು" (ಯಾರು?), "ಶೀಘ್ರವಾಗಿ" (ಎಂದು?), "ಅಗತ್ಯ ಕ್ರಮ" (ಏನು?). ಈ ನಾಲ್ಕನ್ನು ಬಿಟ್ಟು ಬರೆಯಿರಿ ಎಂದರೆ ಸಾಕು, ತೀರ್ಮಾನ ಕೇಳಿಸಿಕೊಂಡಿಲ್ಲದವರು ಬರೆಯಲಾಗದೆ ಕೂರುತ್ತಾರೆ.

ಅಭ್ಯಾಸಕ್ಕೆ 20 ನಿಮಿಷದ ಸಭೆಯ ಧ್ವನಿಮುದ್ರಣ ಮಾಡಿಸಿ. ನಾಲ್ಕು ವಿಷಯ ಸಾಕು. ಒಂದು ನೆಟ್ಟಗೆ ತೀರ್ಮಾನವಾಗಲಿ. ಒಂದರಲ್ಲಿ ಮೊದಲು ಒಂದು ತಾರೀಖು ಒಪ್ಪಿ ಕೊನೆಗೆ ಬೇರೆ ತಾರೀಖಿಗೆ ಬದಲಾಗಲಿ. ಒಂದು ಮುಂದೂಡಲ್ಪಡಲಿ. ಇನ್ನೊಂದರಲ್ಲಿ ಎಲ್ಲರೂ "ಹೌದು ಆಗಬೇಕು" ಎನ್ನಲಿ, ಮಾಡುವವರು ಯಾರೆಂದು ಯಾರೂ ಹೇಳದಿರಲಿ. ಈ ನಾಲ್ಕನೆಯದರಲ್ಲಿ ಊಹೆಯಿಂದ ಯಾರದೋ ಹೆಸರು ಹಾಕಿದವರು ಫೇಲು. "ಜವಾಬ್ದಾರಿ ನಿಗದಿಯಾಗಿಲ್ಲ, ಅಧ್ಯಕ್ಷರಲ್ಲಿ ಕೇಳಬೇಕು" ಎಂದು ಗುರುತು ಹಾಕಿದವರು ಪಾಸು.

---

ಸ್ಟೈಲ್‌ಶೀಟ್

ಕಂಪ್ಯೂಟರಿಗೆ 60 ಗಂಟೆ ಕಡಿಮೆ. ಅದೂ ಮೆನುಗಳ ಹೆಸರು ಹೇಳಿಸುವ ಪಾಠವಾದರೆ ದಂಡ.

ವರ್ಡ್ ಬರುತ್ತದೋ ಇಲ್ಲವೋ ಎಂದು ಒಂದೇ ನಿಮಿಷದಲ್ಲಿ ತಿಳಿಯುವ ವಿಧಾನ: ವಿದ್ಯಾರ್ಥಿ ಮಾಡಿಕೊಟ್ಟ ಐದು ಪುಟದ ಕಡತ ತೆರೆದು ಮೊದಲ ಪುಟದಲ್ಲಿ ಮೂರು ಸಾಲು ಸೇರಿಸಿ. ಮುಂದಿನ ಪುಟಗಳ ತಲೆಬರಹ ಜಾಗ ಬಿಟ್ಟು ಕದಲಿತೇ, ಸಹಿಯ ಜಾಗ ಹೊಸ ಪುಟಕ್ಕೆ ಒಂಟಿಯಾಗಿ ಹಾರಿತೇ, ಪರಿವಿಡಿಯ ಪುಟಸಂಖ್ಯೆ ಸುಳ್ಳಾಯಿತೇ ನೋಡಿ. ಆಮೇಲೆ ಅಡಗಿದ ಗುರುತುಗಳನ್ನು ತೋರಿಸುವ ಗುಂಡಿ ಒತ್ತಿ. ಸಾಲುಗಟ್ಟಿ ಎಂಟರ್ ಗುರುತು, ಜಾಗಕ್ಕಾಗಿ ಒತ್ತಿದ ಸ್ಪೇಸ್‌ಬಾರಿನ ಚುಕ್ಕಿಗಳು ಕಂಡರೆ ಅದು ಟೈಪ್‌ರೈಟರ್ ಕೆಲಸ, ಕಂಪ್ಯೂಟರಿನದಲ್ಲ.

ಅದರಿಂದ ಪಾಠದ ಸಾರ ಇಷ್ಟು: ಶೀರ್ಷಿಕೆಗೆ ಸ್ಟೈಲ್, ಅದರಿಂದಲೇ ಪರಿವಿಡಿ. ಹೊಸ ಪುಟಕ್ಕೆ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ. ಸಾಲುಗಳ ನಡುವಿನ ಅಂತರ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ. ಬಲಕ್ಕೆ ಅಂಕಿ ಜೋಡಿಸಲು ಟ್ಯಾಬ್ ನಿಲುಗಡೆ. "ಇಂತಿ" ಸಾಲು ಮತ್ತು ಸಹಿ ಒಟ್ಟಿಗಿರಲು "ಮುಂದಿನದರೊಂದಿಗೆ ಇರಿಸು" ಆಯ್ಕೆ. ಕಳಿಸುವ ಮುನ್ನ ಟ್ರ್ಯಾಕ್ ಚೇಂಜಸ್ (ಯಾರು ಏನು ತಿದ್ದಿದರೆಂದು ತೋರಿಸುವ) ಗುರುತುಗಳನ್ನೆಲ್ಲ ಒಪ್ಪಿ ಇಲ್ಲವೇ ತಿರಸ್ಕರಿಸಿ, ಕಾಮೆಂಟ್ ಅಳಿಸುವುದು. ಕಾಣದಂತೆ ಮರೆಮಾಡಿದರೆ ಅಳಿದಂತಲ್ಲ. ಪಡೆದವರು ಒಂದು ಗುಂಡಿ ಒತ್ತಿದರೆ ಒಳಗಿನ ಜಗಳವೆಲ್ಲ ಬಯಲು.

ಎಕ್ಸೆಲ್‌ನಲ್ಲಿ ಸೆಕ್ರೆಟರಿ ಕೆಲಸಕ್ಕೆ ಬೇಕಾದದ್ದು ಸ್ವಲ್ಪವೇ, ಆದರೆ ಅಲ್ಲಿ ಬೀಳುವ ಹಳ್ಳಗಳು ಆಳ. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಹಾಕಿದರೆ ಸೊನ್ನೆ ಮಾಯ. 16 ಅಂಕಿಯ ಸಂಖ್ಯೆ ಹಾಕಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಏಕೆಂದರೆ ಅದು 15 ಅಂಕಿವರೆಗೆ ಮಾತ್ರ ನೆನಪಿಡುತ್ತದೆ. ನಮೂದಿಸಿದ ಮೇಲೆ ಕಾಲಮ್ಮನ್ನು ಟೆಕ್ಸ್ಟ್ ಮಾಡಿದರೆ ಹೋದ ಅಂಕಿ ಬರುವುದಿಲ್ಲ, ಮೊದಲೇ ಮಾಡಬೇಕು. ಒಂದೇ ಕಾಲಮ್ ಆರಿಸಿ ಸಾರ್ಟ್ ಮಾಡಿ, ಎಚ್ಚರಿಕೆ ಬಂದಾಗ ಓದದೆ ಮುಂದುವರಿದರೆ ಹೆಸರು ಒಬ್ಬರದು ವಿಳಾಸ ಇನ್ನೊಬ್ಬರದು. ಪಟ್ಟಿಯಿಂದ ಬೇಕಾದ ವಿವರ ಹುಡುಕಿ ತರುವ ವಿ-ಲುಕಪ್ ಸೂತ್ರದ ನಾಲ್ಕನೇ ಭಾಗ ಬಿಟ್ಟರೆ ಅದು ಅಂದಾಜು ಹೊಂದಿಕೆ ಹುಡುಕುತ್ತದೆ. ಪಟ್ಟಿ ಏರಿಕೆ ಕ್ರಮದಲ್ಲಿಲ್ಲದಿದ್ದರೆ ತಪ್ಪು ಉತ್ತರವನ್ನೇ ಸರಿಯೆಂಬಂತೆ ತೋರಿಸುತ್ತದೆ, ದೂರುವುದೂ ಇಲ್ಲ. ಅಲ್ಲಿ 0 ಹಾಕುವುದು ಕೈಗೆ ಅಂಟಿಕೊಳ್ಳಬೇಕು.

ಮೇಲ್ ಮರ್ಜ್ (ಹೆಸರಿನ ಪಟ್ಟಿಯಿಂದ ಒಬ್ಬೊಬ್ಬರಿಗೂ ಒಂದೇ ಪತ್ರ ತಯಾರಿಸುವುದು) ಇವೆಲ್ಲ ಒಟ್ಟಿಗೆ ಕೈಕೊಡುವ ಜಾಗ, ಅದಕ್ಕೇ ಒಳ್ಳೆಯ ಪರೀಕ್ಷೆ. 40 ಹೆಸರಿನ ಪಟ್ಟಿ ಕೊಡಿ. ಎರಡು ಹೆಸರು ಪುನರಾವರ್ತನೆ, ಮೂರರಲ್ಲಿ ವಿಳಾಸದ ಎರಡನೇ ಸಾಲು ಖಾಲಿ, ಒಂದರಲ್ಲಿ ತಾರೀಖಿನ ದಿನ-ತಿಂಗಳು ಅದಲುಬದಲು. 38 ಪತ್ರ ಬರಬೇಕು, ಖಾಲಿ ಸಾಲಿನ ಬಾಯಿ ತೆರೆದಿರಬಾರದು, ಎಲ್ಲ ತಾರೀಖೂ ಒಂದೇ ರೂಪದಲ್ಲಿರಬೇಕು. ಮೊದಲ, ಕೊನೆಯ ಮತ್ತು ಅತಿ ಉದ್ದ ಹೆಸರಿನ ಪತ್ರವನ್ನು ತೆರೆದು ನೋಡಿದ ಮೇಲೆಯೇ ಮುದ್ರಣ. ಏ4 ಹಾಳೆಯನ್ನು ಮೂರು ಮಡಿಕೆ ಮಾಡಿದರೆ 99 ಮಿ.ಮೀ. ಎತ್ತರ ಬರುತ್ತದೆ, 110 x 220 ಮಿ.ಮೀ. ಲಕೋಟೆಗೆ ಸರಿಯಾಗಿ ಕೂರುತ್ತದೆ. ಕಿಟಕಿ ಲಕೋಟೆಯಾದರೆ ವಿಳಾಸ ಕಿಟಕಿಯಲ್ಲಿ ಕಾಣುತ್ತದೋ ಒಂದನ್ನು ಮಡಚಿ ಹಾಕಿ ನೋಡಲಿ.

---

ಹೊಸಹಾಳೆ

ಎಲ್ಲರಿಗೂ ವಂದನೆ. ಎರಡು ಅನುಮಾನ. ಹತ್ತುಬೆರಳು ಅವರೇ, ಐದು ಒತ್ತಿಗೆ ಒಂದು ಪದ ಎಂಬ ಲೆಕ್ಕ ಕನ್ನಡ ಬೆರಳಚ್ಚಿಗೂ ನಡೆಯುತ್ತದೆಯೇ? ಮತ್ತೆ, ಕಡತದ ಪಾಠಕ್ಕೆ 20 ಗಂಟೆ ಸಾಕೇ?

---

ಹತ್ತುಬೆರಳು

ಒತ್ತು ಎಣಿಸಿದರೆ ನಡೆಯುತ್ತದೆ, ಅಕ್ಷರ ಎಣಿಸಿದರೆ ಇಲ್ಲ. "ಮರ" ಎರಡು ಅಕ್ಷರ, ಎರಡೇ ಸಂಕೇತ. "ಸ್ತ್ರೀ" ಒಂದೇ ಅಕ್ಷರ, ಯೂನಿಕೋಡ್‌ನಲ್ಲಿ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಆರು ಸಂಕೇತ. ಒತ್ತಕ್ಷರ ಹೆಚ್ಚಿರುವ ಭಾಗ ಕೊಟ್ಟು ಪದ ಎಣಿಸಿದರೆ ಅನ್ಯಾಯ, ಸರಳ ಗದ್ಯ ಕೊಟ್ಟರೆ ಲಾಟರಿ. ಒತ್ತುಗಳನ್ನೇ ಎಣಿಸಿ, ಎಲ್ಲರಿಗೂ ಒಂದೇ ಕೀಲಿವಿನ್ಯಾಸ ಇಡಿ. ಮತ್ತು ಯೂನಿಕೋಡಿನಲ್ಲೇ ಕಲಿಸಿ. ಹಳೇ ಫಾಂಟ್‌ಗಳಲ್ಲಿ ಕಾಣುವುದು ಕನ್ನಡ, ಒಳಗಿರುವುದು ಬೇರೆ ಸಂಕೇತ. ಹುಡುಕಿದರೆ ಸಿಗದು, ಅಕಾರಾದಿಗೆ ಹಚ್ಚಿದರೆ ಕ್ರಮ ಬಾರದು, ಇನ್ನೊಂದು ಯಂತ್ರದಲ್ಲಿ ತೆರೆದರೆ ಗೀಚು.

---

ಕಡತಗಳ್ಳ

ಕಡತಕ್ಕೆ 20 ಗಂಟೆ ಸಾಕು, ಇಟ್ಟದ್ದನ್ನು ತೆಗೆಯುವುದು ಕಲಿಸುವುದಾದರೆ. ಜೋಡಿಸುವುದನ್ನಷ್ಟೇ ಕಲಿಸಿದರೆ 200 ಗಂಟೆಯೂ ಸಾಲದು.

ಕಾಗದದ ಕಡತಕ್ಕೆ ಅಕಾರಾದಿ, ವಿಷಯವಾರು, ಸಂಖ್ಯಾವಾರು ಎಂಬ ಮೂರು ದಾರಿ ಎಲ್ಲ ಪಠ್ಯದಲ್ಲೂ ಇದೆ. ಹೇಳದೆ ಬಿಡುವುದೆಂದರೆ, ಸಂಖ್ಯಾವಾರಿಗೆ ಯಾವಾಗಲೂ ಹೆಸರಿನ ಸೂಚಿ ಬೇಕು, ಇಲ್ಲದಿದ್ದರೆ ಸಂಖ್ಯೆ ಮರೆತ ದಿನ ಕಡತ ಕಳೆದಂತೆಯೇ. ದೊಡ್ಡ ಸಂಗ್ರಹಕ್ಕೆ ಕೊನೆಯಂಕಿ ಕ್ರಮವನ್ನೂ ತೋರಿಸಿ: 12-34-56 ಎಂಬ ಕಡತಕ್ಕೆ ಮೊದಲು 56ರ ಕಪಾಟು, ಅಲ್ಲಿ 34ರ ಖಾನೆ, ಅದರಲ್ಲಿ 12ನೆಯದು. ಹೊಸ ಕಡತಗಳು ಕೊನೆಯ ಕಪಾಟಿನಲ್ಲೇ ಗುಡ್ಡೆ ಬೀಳದೆ ಎಲ್ಲ ಕಡೆ ಸಮನಾಗಿ ಹಂಚಿಹೋಗುತ್ತವೆ. ಹೊರಗೆ ಹೋದ ಕಡತದ ಜಾಗದಲ್ಲಿ ಯಾರು ಒಯ್ದರು, ಯಾವಾಗ ಎಂಬ ಚೀಟಿ ನಿಲ್ಲಬೇಕು. ಆವಕ-ಜಾವಕ ವಹಿಯಲ್ಲಿ ಲಗತ್ತುಗಳ ಸಂಖ್ಯೆ ಬರೆಯುವ ಕಾಲಮ್ ಇರಬೇಕು, ಜಗಳವೆಲ್ಲ ಹುಟ್ಟುವುದು ಲಗತ್ತಿನಲ್ಲೇ.

ಕಂಪ್ಯೂಟರ್ ಕಡತದ ಹೆಸರಿಗೆ ಒಂದೇ ಸೂತ್ರ: ವರ್ಷ-ತಿಂಗಳು-ದಿನ, ವಿಷಯ, ಯಾರಿಗೆ, ಆವೃತ್ತಿ. 2024-03-07 ಎಂದು ಬರೆದರೆ ಹೆಸರಿನ ಕ್ರಮವೇ ಕಾಲದ ಕ್ರಮ. 07-03-2024 ಎಂದರೆ ಎಲ್ಲ ವರ್ಷದ 7ನೇ ತಾರೀಖುಗಳು ಒಟ್ಟಿಗೆ ಕೂತು ಹರಟುತ್ತವೆ. ಆವೃತ್ತಿಗೆ 01, 02 ಎಂದು ಸೊನ್ನೆ ಇರಲಿ, ಇಲ್ಲದಿದ್ದರೆ ಹಲವು ಕಡೆ 10 ಬಂದು 2ರ ಮುಂದೆ ನಿಲ್ಲುತ್ತದೆ. "ಫೈನಲ್" ಎಂಬ ಪದಕ್ಕೆ ಪ್ರವೇಶವಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಎಂಟು ಹಂತ ಇಳಿಸಿ ಉದ್ದುದ್ದ ಹೆಸರಿಟ್ಟರೆ ವಿಂಡೋಸ್‌ನ 260 ಅಕ್ಷರದ ಹಳೇ ಮಿತಿಗೆ ತಾಗಿ ನಕಲು ನಿಂತುಹೋಗುತ್ತದೆ. ಮೂರು ಹಂತ ಸಾಕು.

ಪರೀಕ್ಷೆ: ಒಬ್ಬರು 60 ದಾಖಲೆ ಜೋಡಿಸಲಿ, ಇನ್ನೊಬ್ಬರು, ಜೋಡಿಸಿದವರನ್ನು ಕೇಳದೆ, ಹತ್ತನ್ನು ಹುಡುಕಲಿ. ಒಂದಕ್ಕೆ ಒಂದು ನಿಮಿಷ. ಅಂಕ ಜೋಡಿಸಿದವರಿಗೆ.

---

ಕೆಂಪುಶಾಯಿ

ಮೂರನೇ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಟ್ಟಿಲ್ಲ, ಆದರೆ ಸುತ್ತಿ ಬಂದು ಎಲ್ಲರೂ ಅದನ್ನೇ ಹೇಳಿದ್ದಾರೆ. ಸೆಕ್ರೆಟರಿ ತರಬೇತಿಯಲ್ಲಿ ಹಿಂದಿನಿಂದ ಒಂದು ಅಳತೆಗೋಲಿದೆ: ಈ ಪತ್ರ ಹೀಗೇ ಕಳಿಸಬಹುದೇ? ಶೇಕಡಾ ಅಂಕವಿಲ್ಲ, ಮೂರೇ ದರ್ಜೆ. ಹಾಗೇ ಸಹಿಗೆ ಹೋಗುತ್ತದೆ. ಒಂದು ಸಣ್ಣ ತಿದ್ದುಪಡಿ ಮಾಡಿದರೆ ಹೋಗುತ್ತದೆ. ಮತ್ತೆ ಮಾಡಬೇಕು. ವಿಳಾಸದಾರರ ಹೆಸರು, ಮೊತ್ತ, ತಾರೀಖು ಇವುಗಳಲ್ಲಿ ಒಂದು ತಪ್ಪಿದ್ದರೂ ಮೂರನೆಯ ದರ್ಜೆ, ಉಳಿದದ್ದು ಎಷ್ಟೇ ಚೆಂದವಿರಲಿ. "ಲಗತ್ತಿಸಿದೆ" ಎಂದು ಬರೆದು ಲಗತ್ತಿಸದಿದ್ದರೂ ಅಷ್ಟೇ. ಶೇಕಡಾ ಲೆಕ್ಕದಲ್ಲಿ ಇಂಥ ಪತ್ರಕ್ಕೆ 90 ಅಂಕ ಬಂದುಬಿಡುತ್ತದೆ. ನಿಮ್ಮ ಕೋರ್ಸಿನ ದೊಡ್ಡ ದೋಷ ಅದೇ ಇರಬಹುದು: 90% ಸರಿಯಾದ ಪತ್ರವೆಂದರೆ ಕಳಿಸಲಾಗದ ಪತ್ರ ಎಂಬುದನ್ನು ಆರು ತಿಂಗಳಲ್ಲಿ ಯಾರೂ ಅವರಿಗೆ ಹೇಳಿಲ್ಲ.

ಪತ್ರ ರಚನೆಯ ಅಭ್ಯಾಸಕ್ಕೆ ಪೂರ್ಣ ವಾಕ್ಯ ಕೊಡಲೇಬೇಡಿ. "ಸರಬರಾಜು ತಡ. ಹಿಂದೆ ಎರಡು ಸಲ ಹೇಳಿದೆ. 15ರೊಳಗೆ ಬೇಕು. ಸಂಬಂಧ ಕೆಡಬಾರದು." ಇಷ್ಟೇ ಚೀಟಿ. ಬರುವ ಪತ್ರದಲ್ಲಿ ಮೊದಲ ಎರಡು ಸಾಲಿನಲ್ಲೇ ವಿಷಯ ಇದೆಯೇ, ಹಿಂದಿನ ಪತ್ರಗಳ ಉಲ್ಲೇಖ ಇದೆಯೇ, ಓದಿದವರು ಏನು ಮಾಡಬೇಕೆಂಬುದು ಒಂದೇ ವಾಕ್ಯದಲ್ಲಿದೆಯೇ, ಯಾವ ತಿಂಗಳ 15 ಎಂದು ಕೇಳಿಕೊಂಡರೇ? ಕೇಳದೆ ತಿಂಗಳು ತಾವೇ ಹಾಕಿದವರಿಗೆ ಕೆಂಪು ಶಾಯಿ.

ಕೊನೆಯ ಪರೀಕ್ಷೆಗೆ ಟಪಾಲು ತಟ್ಟೆ ಇಡಿ, ಅಂದರೆ ಮೇಜಿಗೆ ಬಂದ ಕಾಗದಗಳನ್ನೆಲ್ಲ ಒಟ್ಟಿಗೆ ಕೊಟ್ಟು ನಿಭಾಯಿಸಲು ಹೇಳುವುದು. ಇದು 1950ರ ದಶಕದಲ್ಲಿ ಅಮೆರಿಕದ ವಾಯುಪಡೆಯ ಅಧಿಕಾರಿಗಳಿಗೆಂದು ರೂಪಿಸಿದ ಪರೀಕ್ಷಾ ವಿಧಾನ, ಸೆಕ್ರೆಟರಿ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. 90 ನಿಮಿಷ, 14 ಕಾಗದ. ಒಂದೇ ಸಮಯಕ್ಕೆ ಎರಡು ಭೇಟಿ ಒಪ್ಪಿರುವುದು, ಬೇರೆ ಕಾಲವಲಯದಿಂದ ಬಂದ ಫೋನ್ ಸಭೆಯ ಕೋರಿಕೆ, ಗೋಪ್ಯ ಎಂಬ ಗುರುತಿದ್ದು ತಪ್ಪು ವಿಳಾಸಕ್ಕೆ ಬಂದ ಲಕೋಟೆ, 50 ಜನಕ್ಕೆ ಕಳಿಸುವ ಸೂಚನೆ (ವಿಳಾಸಗಳನ್ನು ಬಿಸಿಸಿಯಲ್ಲಿ, ಅಂದರೆ ಒಬ್ಬರದು ಇನ್ನೊಬ್ಬರಿಗೆ ಕಾಣದ ಜಾಗದಲ್ಲಿ ಹಾಕಿದರೇ?), ತುರ್ತು ಎಂದು ಬರೆದಿದ್ದರೂ ತುರ್ತಲ್ಲದ ಒಂದು, ಏನೂ ಬರೆಯದಿದ್ದರೂ ಇವತ್ತೇ ಗಡುವಿರುವ ಇನ್ನೊಂದು. ಮಧ್ಯೆ 40ನೇ ನಿಮಿಷಕ್ಕೆ ಒಂದು ಫೋನ್ ಕರೆ: ಹೆಸರು, ಸಂಖ್ಯೆ, ವಿಷಯ, ಮರಳಿ ಕರೆಯಬೇಕಾದ ಹೊತ್ತು ಈ ನಾಲ್ಕನ್ನೂ ಬರೆದುಕೊಂಡರೇ ನೋಡಿ. ಹದಿನಾಲ್ಕನ್ನೂ ಮುಗಿಸಲಾಗದಷ್ಟು ಕೆಲಸ ಇರಬೇಕು. ಯಾವುದನ್ನು ಬಿಟ್ಟರು, ಬಿಟ್ಟದ್ದನ್ನು ಹೇಳಿದರೇ ಎಂಬುದಕ್ಕೆ ಅಂಕ.

ಕೋರ್ಸಿನ ಗುಣಮಟ್ಟಕ್ಕೆ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಹಂತ ಸಾಕು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ಬಳಸಿದರೇ, ಕಚೇರಿಗೆ ಉಪಯೋಗವಾಯಿತೇ. ಸಾಮಾನ್ಯವಾಗಿ ಮೊದಲನೆಯದನ್ನು ಕೇಳಿ, ಎರಡನೆಯದರ ಅರ್ಧ ಅಳೆದು ನಿಲ್ಲುತ್ತಾರೆ. ಹತ್ತುಬೆರಳು ಅವರು ಹೇಳಿದ ಅಂಚೆ ನೌಕರರ ಕಥೆಯಲ್ಲಿ ಮೊದಲ ಹಂತವೂ ಎರಡನೆಯದೂ ಎದುರುಬದುರು ನಿಂತಿವೆ. ಮೂರನೆಯದಕ್ಕೆ, ಕೆಲಸಕ್ಕೆ ಸೇರಿದ ಮೂರು ತಿಂಗಳಿಗೆ ಮೇಲಧಿಕಾರಿಗೆ ಒಂದೇ ಪ್ರಶ್ನೆ ಕಳಿಸಿ: ಕಳೆದ ವಾರ ಇವರು ಕೊಟ್ಟ ಪತ್ರಗಳಲ್ಲಿ ಎಷ್ಟನ್ನು ವಾಪಸ್ ಕಳಿಸಿದಿರಿ? "ತೃಪ್ತಿಕರವೇ" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ.

ಮೌಲ್ಯಮಾಪನ ಪಾಠ ಹೇಳಿದವರಿಂದ ಬೇಡ. ವಿದ್ಯಾರ್ಥಿ ಏನು ಹೇಳಲು ಹೊರಟಿದ್ದರು ಎಂಬುದು ಅವರಿಗೆ ಗೊತ್ತಿರುತ್ತದೆ, ಪತ್ರ ಪಡೆಯುವವರಿಗೆ ಗೊತ್ತಿರುವುದಿಲ್ಲ.

---

ಹೊಸಹಾಳೆ

ಇವನ್ನೆಲ್ಲ ಇಟ್ಟುಕೊಂಡು ಹೀಗೆ ಹಂಚಿದ್ದೇನೆ: ಬೆರಳಚ್ಚು 95, ಟಿಪ್ಪಣಿ ಮತ್ತು ನಡಾವಳಿ 75, ಕಂಪ್ಯೂಟರ್ 90, ಪತ್ರ ರಚನೆ 50, ಕಡತ-ಟಪಾಲು-ದಿನಚರಿ 35, ಟಪಾಲು ತಟ್ಟೆ ಅಭ್ಯಾಸ 45. ಒಟ್ಟು 390. ಶೀಘ್ರಲಿಪಿ ಬೇಕಾದವರಿಗೆ ಸಂಜೆ ಪ್ರತ್ಯೇಕ. ಟಪಾಲು ತಟ್ಟೆಯನ್ನು ಕೊನೆಯ ತಿಂಗಳಿಗೆ ಇಟ್ಟಿದ್ದೇನೆ. ಸರಿಯೇ?

---

ಕೆಂಪುಶಾಯಿ

ಗಂಟೆ ಸರಿ, ಜಾಗ ಸರಿಯಿಲ್ಲ. 45 ಗಂಟೆಯನ್ನೂ ಕೊನೆಗೆ ರಾಶಿ ಹಾಕಿದರೆ ತಪ್ಪು ತಿಳಿದಾಗ ತಿದ್ದಲು ದಿನ ಉಳಿದಿರುವುದಿಲ್ಲ. ಆರನೇ ವಾರದಿಂದ ಪ್ರತಿ ಶುಕ್ರವಾರ ಸುಮಾರು ಎರಡು ಗಂಟೆ: ಮೊದಲು ನಾಲ್ಕು ಕಾಗದದ ತಟ್ಟೆ, ಕೊನೆಗೆ ಹದಿನಾಲ್ಕು. ಮೊದಲ ತಟ್ಟೆಯ ಉತ್ತರಗಳನ್ನು ಎಸೆಯದೆ ಇಟ್ಟುಕೊಳ್ಳಿ, 26ನೇ ವಾರ ಅದೇ ತಟ್ಟೆಯನ್ನು ಮತ್ತೆ ಕೊಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

---

ನಡಾವಳಿ_ನಂಜುಂಡ

ಸಂಜೆಯ ಶೀಘ್ರಲಿಪಿ ವರ್ಗಕ್ಕೆ ಶಾಯಿ ಪೆನ್ನು ಮರೆಯಬೇಡಿ.